ಬೀರಜ್ಜಿಯ ಹತ್ತು ಹೆಜ್ಜೆ

"ಇಲ್ಲಿ ಯಾವ ಮುದುಕಿ ನಡ್ಕಂಡು ಹೋದದ್ದು, ತಂಗೀ?"

ಬೀರಜ್ಜಿ ಹರಿವೆ ಪಾತಿಯ ಪಕ್ಕ ಬಗ್ಗಿ ನಿಂತು ಕೇಳಿದಳು. ಆಗಷ್ಟೇ ನೀರು ಬಿಟ್ಟಿದ್ದರಿಂದ ಕಾಲುದಾರಿ ಒದ್ದೆಯಾಗಿತ್ತು.

"ಯಾರೂ ಬರ್ಲಿಲ್ಲ ಅಜ್ಜಿ. ನಾನೇ ಈಗ ಸ್ಕೂಲಿಂದ ಬಂದದ್ದು," ಎಂದಳು ಮೊಮ್ಮಗಳು ರೂಪಾ. ಕೆಸರಾಗದಿರಲೆಂದು ಅವಳು ಚಪ್ಪಲಿಯನ್ನು ಕೈಯಲ್ಲಿ ಹಿಡಿದಿದ್ದಳು.

"ಹಂಗಾರೆ ಆ ಮುದುಕಿ ನೀನೇ."

ರೂಪಾಳಿಗೆ ಸಿಟ್ಟು ಬಂತು. ಐದನೇ ಕ್ಲಾಸಿನಲ್ಲಿ ಅವಳಷ್ಟು ಜೋರಾಗಿ ಓಡುವವರೇ ಇರಲಿಲ್ಲ. ಮುಂದಿನ ವಾರ, ಶನಿವಾರ, ತಾಲೂಕು ಸ್ಪೋರ್ಟ್ಸ್‌ಗೆ ರಿಲೇ ಟೀಮ್ ಆರಿಸುವವರಿದ್ದರು. ಅಂಥವಳನ್ನು ಮುದುಕಿ ಎನ್ನುವುದೇ?

ಬಗ್ಗಿ ತನ್ನ ಹೆಜ್ಜೆಗಳನ್ನು ನೋಡಿದಳು. ಅವು ಚಪ್ಪಟೆಯಾಗಿದ್ದವು, ಬೆರಳು ಹೊರಕ್ಕೆ ತಿರುಗಿದ್ದವು. ಬಲಗಾಲು ಎಡಗಾಲಿಗಿಂತ ಆಳಕ್ಕೆ ಇಳಿದಿತ್ತು. ಕೆಲವು ವಾರಗಳಿಂದ ಆ ಕಾಲಿನ ಹಿಮ್ಮಡಿ ನೋಯುತ್ತಿತ್ತು. ಗೊತ್ತಾದರೆ ಟೀಮ್ ಆರಿಸುವ ನೀತಾ ಟೀಚರ್ ಓಡಲು ಬಿಡುವುದಿಲ್ಲವೆಂದು ಯಾರಿಗೂ ಹೇಳಿರಲಿಲ್ಲ.

ಅಜ್ಜಿ ಅವಳ ಬ್ಯಾಗ್ ಎತ್ತಿ ನೋಡಿದಳು. "ಇದ್ರಾಗೆ ಎಂತ ತುಂಬಿದ್ಯೆ? ಕಲ್ಲಾ?"

ಕಲ್ಲಲ್ಲ, ಎಲ್ಲಾ ಸಬ್ಜೆಕ್ಟಿನ ಎಲ್ಲಾ ಪುಸ್ತಕಗಳು. ಒಂದು ದಿನ ಅಟ್ಲಾಸ್ ಮರೆತದ್ದಕ್ಕೆ ನೀತಾ ಟೀಚರ್ ಅವಳನ್ನು ಇಡೀ ಪಿರಿಯಡ್ ನಿಲ್ಲಿಸಿದ್ದರು. ಅಂದಿನಿಂದ ಒಂದು ನೋಟ್‌ಬುಕ್ಕನ್ನೂ ಮನೆಯಲ್ಲಿ ಬಿಡುತ್ತಿರಲಿಲ್ಲ. ಸಾಲದ್ದಕ್ಕೆ ಬ್ಯಾಗಿನ ಒಂದು ಪಟ್ಟಿ ಹರಿದು, ಅಷ್ಟೂ ಭಾರ ಬಲಭುಜಕ್ಕೇ ಬಿದ್ದಿತ್ತು.

ಮರುದಿನ ಬೆಳಿಗ್ಗೆ ಅಜ್ಜಿ ಕಾರವಾರ ಪೇಟೆಗೆ ಹೊರಟಳು. ಬಟ್ಟೆ ಸುತ್ತಿ ಮಾಡಿದ ಸಿಂಬೆ ತಲೆ ಮೇಲೆ, ಅದರ ಮೇಲೆ ಸೊಪ್ಪಿನ ಬುಟ್ಟಿ. ಬಸ್ ಸ್ಟಾಪಿನವರೆಗೆ ಬುಟ್ಟಿಗೆ ಕೈ ಕೊಡದೆ, ಕತ್ತು ಅಲ್ಲಾಡಿಸದೆ ನಡೆಯುವವಳು ಅವಳು. ಎಪ್ಪತ್ತು ದಾಟಿದರೂ ಎಷ್ಟು ಚಂದದ ನಡಿಗೆ! ಗುಟ್ಟೆಲ್ಲ ಸಿಂಬೆಯಲ್ಲೇ ಇದೆಯೆಂದು ರೂಪಾ ಲೆಕ್ಕ ಹಾಕಿದಳು. ಹಳೆಯ ಸಿಂಬೆಯೊಂದನ್ನು ತಲೆಗಿಟ್ಟು, ಬ್ಯಾಗನ್ನು ಅದರ ಮೇಲೇರಿಸಿ, ಅಜ್ಜಿಯ ಹಿಂದೆಯೇ ಹೊರಟಳು.

ತಿರುವಿನವರೆಗೂ ಹೋಗಲಾಗಲಿಲ್ಲ. ಕತ್ತು ಚುಳ್ಳೆಂದಿತು, ಬ್ಯಾಗ್ ಜಾರಿ ಕೆಸರಿಗೆ ಬಿತ್ತು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಪಕ್ಕದ ಮನೆಯ ತಿಮ್ಮು ಹೊಟ್ಟೆ ಹಿಡಿದುಕೊಂಡು ನಕ್ಕ.

"ತಲೆ ಮೇಲೆ ಇಟ್ರೆ ಭಾರ ಕಮ್ಮಿ ಆಗ್ತದೆ ಅಂದ್ಕಂಡ್ಯಾ?" ಅಜ್ಜಿಗೂ ನಗು ತಡೆಯಲಿಲ್ಲ. "ನಾಳೆ ಬೇಗ ಏಳು. ನಾ ಎಂತ ಮಾಡ್ತೆ ನೋಡು."

ಮರುದಿನ ರೂಪಾ ಪಾತಿಯ ಹತ್ತಿರ ಕಣ್ಣುಜ್ಜುತ್ತಾ ನಿಂತಳು. ಅಜ್ಜಿ ಬುಟ್ಟಿ ತುಂಬಿ ಹೊತ್ತು, ಒದ್ದೆ ದಾರಿಯಲ್ಲಿ ಸರಿಯಾಗಿ ಹತ್ತು ಹೆಜ್ಜೆ ನಡೆದು, ತಿರುಗಿ ನೋಡಿದಳು. ಹಿಮ್ಮಡಿ ಆಳಕ್ಕೆ ಇಳಿದಿತ್ತು. ಬುಟ್ಟಿ ಇಳಿಸಿ ಬಸಳೆಯ ಎರಡು ಕಟ್ಟು ತೆಗೆದಳು. ಮತ್ತೆ ಹತ್ತು ಹೆಜ್ಜೆ ನಡೆದು, ಮತ್ತೊಂದು ಕಟ್ಟು ತೆಗೆದಳು. ಮೂರನೇ ಸಲ ಹಿಮ್ಮಡಿ ಹಗುರಾಗಿ, ಐದೂ ಬೆರಳು ನೆಟ್ಟಗೆ ಮೂಡಿದವು.

"ಅಷ್ಟು ಹೊರೂಕೆ ನಿಂಗೆ ಆಗೂದಿಲ್ವ ಅಜ್ಜಿ?"

"ಇವತ್ತಿಗೆ ಆಗ್ತದೆ. ನಾಳೆನೂ ನಡೀಬೇಕಲ, ತಂಗೀ."

ನಮ್ಮಜ್ಜಿ ಎಷ್ಟು ಬೇಕಾದರೂ ಹೊರುತ್ತಾಳೆಂದು ರೂಪಾ ಕ್ಲಾಸಿನಲ್ಲಿ ಜಂಬ ಕೊಚ್ಚುತ್ತಿದ್ದಳು. ದಿನವೂ ಹೀಗೆ ನಾಚದೆ ಇಳಿಸುವ ಅಜ್ಜಿಯನ್ನು ಅವಳು ನೋಡಿಯೇ ಇರಲಿಲ್ಲ. ಈ ಅಜ್ಜಿ ಅವಳಿಗೆ ಇನ್ನೂ ಇಷ್ಟವಾದಳು.

ಅಂದು ಸಂಜೆ ಅಜ್ಜಿ ಗೋಣಿ ಹೊಲಿಯುವ ಸೂಜಿಯಲ್ಲಿ ಬ್ಯಾಗಿನ ಪಟ್ಟಿ ಹೊಲಿದಳು. ರೂಪಾ ಟೈಮ್ ಟೇಬಲ್ ಹರಡಿಕೊಂಡು, ನಾಳೆಗೆ ಬೇಡದ್ದನ್ನೆಲ್ಲ ತೆಗೆದಿಟ್ಟಳು. ಅಟ್ಲಾಸ್ ಮಾತ್ರ ತೆಗೆಯಲು ಕೈ ಬರಲಿಲ್ಲ.

ಮರುದಿನ ನೀತಾ ಟೀಚರ್ ಹತ್ತಿರ ಕಾಲುನೋವನ್ನೂ ಅಟ್ಲಾಸನ್ನೂ ಹೇಳಿಬಿಟ್ಟಳು. ಟೀಚರ್ ಅವಳ ಬ್ಯಾಗ್ ಎತ್ತಿ ನೋಡಿದರು.

"ಎಲ್ಲರ ಅಟ್ಲಾಸೂ ಇನ್ಮೇಲೆ ಕ್ಲಾಸಿನ ಕಪಾಟಲ್ಲೇ ಇರ್ಲಿ," ಎಂದರು. "ನೀನು ನಾಲ್ಕು ದಿನ ಓಡ್ಬೇಡ. ಕಡಿಮೆಯಾದ್ರೆ ಶನಿವಾರ ನೋಡುವ."

ಆ ಶನಿವಾರದ ಹೊತ್ತಿಗೆ ಹಿಮ್ಮಡಿ ನೋಯುತ್ತಿರಲಿಲ್ಲ. ರೂಪಾ ಬರಿಗಾಲಲ್ಲಿ ಓಡಿದಳು, ಆದರೆ ಫಸ್ಟ್ ಬರಲಿಲ್ಲ. ಗೆರೆ ದಾಟಿದವರೆಲ್ಲ ಟೀಚರ್ ಬಾಯಿಯನ್ನೇ ನೋಡುತ್ತಾ ನಿಂತರು. ಟೀಚರ್ ನಾಲ್ಕನೆಯದಾಗಿ, ಕೊನೆಯದಾಗಿ, ರೂಪಾಳ ಹೆಸರು ಕರೆದರು.

ಅವಳಿಗೆ ಅದು ಕೇಳಿಸಲೇ ಇಲ್ಲ. ಅವಳು ಹಿಂದಕ್ಕೆ ತಿರುಗಿ, ಮೈದಾನದ ಮೆತ್ತನೆ ಮಣ್ಣಿನಲ್ಲಿ ತನ್ನ ಹತ್ತು ಹೆಜ್ಜೆ ಎಣಿಸುತ್ತಿದ್ದಳು. ಐದೂ ಬೆರಳು ಮೂಡಿದ್ದವು. ಬಲಗಾಲು ಮಾತ್ರ ಇನ್ನೂ ಒಂಚೂರು ಹೊರಕ್ಕೇ ಇತ್ತು. ಸೋಮವಾರ ಬ್ಯಾಗಿನಿಂದ ಮತ್ತೇನು ಇಳಿಸಬಹುದೆಂದು ಅವಳು ಯೋಚಿಸತೊಡಗಿದಳು.