ಉಸಿರು ತಗೊಳ್ಳೋ ಜಾಗ

"ಹೆಡ್‌ಫೋನ್ ಹಾಕ್ಕೊಳ್ಳೋಕೆ ಮುಂಚೆ ಅವಳ ಹೆಸರು ಒಂದ್ಸಲ ಹೇಳಿಬಿಡಮ್ಮ," ಎಂದರು ವಯಸ್ಸಾದ ಸೌಂಡ್ ಇಂಜಿನಿಯರ್, ಹಾಡುವ ಕೋಣೆಯ ಹೊಸ್ತಿಲಲ್ಲಿ ನಿಂತು. "ಕೈ ಮುಗಿದು ಕೇಳ್ತೀನಿ."

ಗಾಯಕಿ ಚೂಯಿಂಗ್ ಗಮ್ ಜಗಿಯುತ್ತಲೇ ನಕ್ಕಳು. ಇನ್ನೂ ಎಳೆಯ ಹುಡುಗಿ. ಮೊದಲ ಆಲ್ಬಮ್ಮಿಗೇ ಮನೆಮಾತಾಗಿದ್ದಳು. ಹೊಸ ಆಲ್ಬಮ್ಮಿನಲ್ಲಿ ಈ ಒಂದು ಹಾಡು ಮಾತ್ರ ಬಾಕಿ.

"ಯಾರ ಹೆಸರು ಅಂಕಲ್? ಟ್ರ್ಯಾಕ್ ಅಕ್ಕಂದಾ? ಸತ್ತಮೇಲೂ ಹಾಜರಿ ಕೂಗಬೇಕಾ ಅವಳಿಗೆ?"

ದೊಡ್ಡ ಗಾಯಕರು ಬರುವ ಮೊದಲೇ ಬಂದು ಹಾಡನ್ನು ಹಾಡಿಟ್ಟು ಹೋಗುತ್ತಿದ್ದವಳು ಟ್ರ್ಯಾಕ್ ಅಕ್ಕ. ಗಾಯಕರು ಆ ದನಿಯನ್ನು ಕಿವಿಯಲ್ಲಿ ಕೇಳಿಕೊಂಡು ತಾವು ಹಾಡುತ್ತಾರೆ. ಆಮೇಲೆ ಅವಳದನ್ನು ಅಳಿಸುತ್ತಾರೆ. ಕಸುಬಿನ ರೂಢಿಯೇ ಹಾಗೆ. ಆದರೆ ಅಕ್ಕ ಯಾರೂ ಹೇಳದಿದ್ದರೂ ಇನ್ನೊಂದು ಕೆಲಸ ಮಾಡುತ್ತಿದ್ದಳು. ಹೊಸ ಹುಡುಗಿಯರು ತಡವರಿಸಬಾರದೆಂದು ಸಾಲುಗಳ ನಡುವೆ ಪಿಸುಗುಟ್ಟುತ್ತಿದ್ದಳು: "ಇಲ್ಲಿ ಉಸಿರು ತಗೋ, ಮಗಳೇ." ಹೋಗುವಾಗ ಮುಂದೆ ಬರುವವಳಿಗೆ ಫ್ಲಾಸ್ಕಿನಲ್ಲಿ ಬಿಸಿನೀರಿಟ್ಟು, ಮೈಕಿಗೆ ಬಟ್ಟೆ ಹೊದಿಸುತ್ತಿದ್ದಳು.

ಮೊದಲ ಆಲ್ಬಮ್ಮಿನಲ್ಲಿ ಈ ಹುಡುಗಿಯ ಗಂಟಲಿಗೆ ಎಟುಕದ ಸಾಲುಗಳಲ್ಲಿ ಅಕ್ಕನ ದನಿಯನ್ನು ಅಳಿಸಲೇ ಇಲ್ಲ. ಜನ ತಲೆದೂಗಿದ್ದು ಆ ಸಾಲುಗಳಿಗೇ. ಆಲ್ಬಮ್ಮಿನ ಮೇಲೆ ಮೂಲೆಯಲ್ಲಿ ಸಣ್ಣಕ್ಷರದಲ್ಲಾದರೂ ನನ್ನ ಹೆಸರು ಹಾಕಿ ಎಂದು ಅಕ್ಕ ಕೇಳಿದಳು. ಹುಡುಗಿ ಸ್ಟುಡಿಯೋ ಸ್ಟುಡಿಯೋಗೂ ಫೋನ್ ಮಾಡಿ, ಅವಳಿಗೆ ತಲೆ ಕೆಟ್ಟಿದೆ ಎಂದಳು. ಒಂದೊಂದಾಗಿ ಬಾಗಿಲುಗಳು ಮುಚ್ಚಿಕೊಂಡವು. ಅಕ್ಕ ಹಾಸಿಗೆ ಹಿಡಿದಳು.

"ಸಾಯೋಕೆ ಮುಂಚೆ ಒಂದಿನ ಬಂದು, ಈ ಹಾಡಿಗೂ ನಾನೇ ಟ್ರ್ಯಾಕ್ ಹಾಡ್ತೀನಿ ಅಂದಳು," ಇಂಜಿನಿಯರ್ ದನಿ ತಗ್ಗಿತು. "ಪಾಪ ಅಂತ ಒಳಗೆ ಬಿಟ್ಟೆ. ಹಾಡಿ ಮುಗಿಸಿ, ತಲೆಕೂದಲು ಕಿತ್ತು ಗಂಟು ಹಾಕಿ, ಏನೇನೋ ಗುನುಗ್ತಾ ಮೈಕಿನ ಸ್ಪಂಜಿನೊಳಗೆ ತುರುಕಿದಳು. ತೆಗೆದು ಸುಟ್ಟೆ. ಮಾರನೇ ದಿನ ನೋಡಿದ್ರೆ ಅಲ್ಲೇ ಇತ್ತು. 'ನನ್ನ ಹೆಸರು ಹೇಳಿ ಹಾಡಿದ್ರೆ ಆ ಹುಡುಗಿಗೇನೂ ಆಗಲ್ಲ' ಅಂತ ಹೇಳಿ ಹೋಗಿದ್ದಾಳೆ. ಅಷ್ಟೇನಮ್ಮ ಕೇಳಿದ್ದು."

"ಕೊನೇ ಸಾಲು ನನಗೆ ಎಟುಕಲ್ಲ. ಅವಳದ್ದನ್ನೇ ಇಟ್ಕೊಳ್ಳಿ. ಈ ಸಲ ಬಂದು ಕೇಳೋಕೆ ಅವಳೇ ಇಲ್ವಲ್ಲ." ಹುಡುಗಿ ಹೆಡ್‌ಫೋನ್ ಎತ್ತಿಕೊಂಡಳು. "ಅವಳ ಹೆಸರು ನನಗೆ ಗೊತ್ತೂ ಇಲ್ಲ ಅಂಕಲ್."

"ನಾನು ಹೇಳ್ತೀನಿ, ಕೇಳು. ಅವಳ ಹೆಸರು..."

ಅಷ್ಟರಲ್ಲಿ ಅವಳು ಕಿವಿ ಮುಚ್ಚಿಕೊಂಡಾಗಿತ್ತು. ಮುದುಕರ ತುಟಿ ಅಲುಗಿದ್ದಷ್ಟೇ ಕಂಡಿತು. ಕೈಬೀಸಿ ಅವರನ್ನು ಆಚೆ ಕಳಿಸಿ, ಬಾಗಿಲು ಎಳೆದುಕೊಂಡಳು.

ಒಳಗೆ ಮಂದ ಕತ್ತಲು. ಶಬ್ದ ನುಂಗುವ ದಪ್ಪ ಗೋಡೆಗಳು. ಸುಟ್ಟ ಕೂದಲಿನ ವಾಸನೆ. ಮೂಲೆಯಲ್ಲಿ ಅಕ್ಕನ ಫ್ಲಾಸ್ಕು. ಮುಚ್ಚಳ ತೆಗೆದರೆ ಹಬೆ ಎದ್ದಿತು. ಯಾರೋ ಪುಣ್ಯಾತ್ಮರು ತುಂಬಿಸಿಟ್ಟಿರಬೇಕೆಂದು ಒಂದು ಗುಟುಕು ಕುಡಿದಳು. ಗಂಟಲಲ್ಲಿ ಎಳೆಯೊಂದು ಸಿಕ್ಕಿಕೊಂಡಂತಾಯಿತು. ಕೆಮ್ಮಿದರೂ ಹೋಗಲಿಲ್ಲ.

ಹಾಡು ಶುರುವಾಯಿತು. ಕಿವಿಯಲ್ಲಿ ಅಕ್ಕನ ದನಿ, ಜೇನಿನಂಥದು. "ಇಲ್ಲಿ ಉಸಿರು ತಗೋ, ಮಗಳೇ." ಹುಡುಗಿ ತೆಗೆದುಕೊಂಡಳು. "ಇಲ್ಲೂ ತಗೋ." ತೆಗೆದುಕೊಂಡಳು. ಎಷ್ಟು ಸಲೀಸು ಎನಿಸಿತು.

ಕೊನೆಯ ಸಾಲು ಬಂತು. ದನಿ ಮೇಲೇರಿತು. ಇನ್ನೂ ಮೇಲೇರಿತು.

"ಈಗ ಬೇಡ."

ಎದೆ ಅಲ್ಲೇ ನಿಂತಿತು.

"ಇನ್ನೂ ಬೇಡ."

ಬಾಯಿ ತೆರೆದಳು. ಗಾಳಿ ಒಳಬರಲಿಲ್ಲ. ಹೆಡ್‌ಫೋನ್ ಹಿಡಿದೆಳೆದಳು. ಅದು ಬರಲಿಲ್ಲ, ಕಿವಿಯ ಸುತ್ತ ಕೂದಲು ಹೆಣೆದುಕೊಂಡಿತ್ತು. ಕೂದಲು ಅವಳದಲ್ಲ, ನರೆತದ್ದು. ಬಾಗಿಲಿನ ಮೇಲೆ ಹೋಗಿ ಬಿದ್ದಳು. ಆಚೆಯಿಂದ ಇಂಜಿನಿಯರ್ ಹಿಡಿ ಜಗ್ಗುತ್ತಿದ್ದರು. ಬಾಗಿಲು ಜಗ್ಗಲಿಲ್ಲ. ಅವರು ಓಡಿ ಹೋಗಿ ಯಂತ್ರ ನಿಲ್ಲಿಸಿದರು. ಹಾಡು ನಿಲ್ಲಲಿಲ್ಲ.

"ನನ್ನ ಹೆಸರು ಹೇಳು. ಆಮೇಲೆ ತಗೋ."

ಕೋಣೆಯ ಕಿಟಕಿ ಗಾಜಿನಾಚೆ ಮುದುಕರು ಆ ಹೆಸರನ್ನೇ ಕೂಗುತ್ತಿದ್ದರು. ಮತ್ತೆ ಮತ್ತೆ ಕೂಗುತ್ತಿದ್ದರು. ಗಾಜು ಒಂದಕ್ಷರವನ್ನೂ ಒಳಗೆ ಬಿಡಲಿಲ್ಲ. ಹುಡುಗಿ ಅವರ ತುಟಿಗಳನ್ನೇ ನೋಡಿದಳು. ಕಣ್ಣು ಮಂಜಾಯಿತು. ತನಗೆ ಗೊತ್ತಿದ್ದ ಒಂದೇ ಒಂದು ಮಾತನ್ನು ದನಿಯಿಲ್ಲದ ತುಟಿಗಳಲ್ಲಿ ಆಡಿದಳು. ಅಕ್ಕಾ.

"ಅದು ಹೆಸರಲ್ಲ," ಎಂದಿತು ದನಿ. ಸಿಟ್ಟಿರಲಿಲ್ಲ ಅದರಲ್ಲಿ.

ಬಾಗಿಲು ಆಮೇಲೆ ತಾನಾಗಿಯೇ ತೆರೆದುಕೊಂಡಿತು. ಇಂಜಿನಿಯರ್ ಒಳಗೆ ಹೋದಾಗ ಫ್ಲಾಸ್ಕಿನ ಮುಚ್ಚಳ ಹಾಕಿತ್ತು. ಮೈಕಿಗೆ ಒಪ್ಪವಾಗಿ ಬಟ್ಟೆ ಹೊದಿಸಿತ್ತು. ಹುಡುಗಿ ಕೆಳಗೆ ಮಲಗಿದ್ದಳು, ಬಾಯಿ ತೆರೆದುಕೊಂಡೇ. ಯಾರೋ ಅವಳ ಹಣೆಯ ಮೇಲಿನ ಕೂದಲನ್ನು ನೇವರಿಸಿ ಹಿಂದಕ್ಕೆ ಸರಿಸಿದ್ದರು.

ಅವರು ಹೆಡ್‌ಫೋನ್ ತೆಗೆದರು. ಅದು ಸಲೀಸಾಗಿ ಬಂತು. ಒಳಗಿನಿಂದ ಸಣ್ಣಗೆ, ಅಕ್ಕರೆಯಿಂದ, ಅದೇ ದನಿ ಕೇಳುತ್ತಿತ್ತು.

"ಈಗ ಉಸಿರು ತಗೋ, ಮಗಳೇ."