ಕಡಲಬಾಗಿಲ ಹೊಸ್ತಿಲು

"ಈ ಬಾಗಿಲಿಂದ ಹೊರಗೆ ಹೋಗ್ಬೋದು, ಒಳಗೆ ಬರಂಗಿಲ್ಲ. ಅದೂ ಹೆತ್ತವಳನ್ನ ಕರ್ಕೊಂಡು ಬರ್ತಿದೀಯಲ್ಲ," ಎಂದು ಕಸ ಗುಡಿಸುವ ಮುದುಕಿ ಪೊರಕೆ ಅಡ್ಡ ಹಿಡಿದಳು.

ಕೋಟೆಯೂರಿನಲ್ಲಿ ಪ್ರವಾಸಿಗರನ್ನು ನಡೆಸಿಕೊಂಡು ಕತೆ ಹೇಳುವ ಕೆಲಸಕ್ಕೆ ಅವನು ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಎಲ್ಲ ಗೈಡುಗಳೂ ನೆಲಬಾಗಿಲಿನ ಎಂಬತ್ತು ಮೆಟ್ಟಿಲು ಹತ್ತಿಸಿ ಶುರುಮಾಡಿ, ಕಡಲಬಾಗಿಲಲ್ಲಿ ಹೊರಗೆ ಬಿಡುತ್ತಿದ್ದರು. ಇವತ್ತು ಅವನು ದಾರಿಯನ್ನೇ ತಿರುವುಮುರುವು ಮಾಡಿದ್ದ. ಕಾರಣ ಅಮ್ಮನ ಮೊಣಕಾಲು. ಮಗನ ಕೆಲಸ ನೋಡಬೇಕೆಂದು ಮೊದಲ ಸಲ ಬಂದಿದ್ದಳು, ನೀಲಿ ಕೊಡೆ ಹಿಡಿದು.

"ಆ ಮಾಟದ ಕತೇನ ದಿನಾ ಹೇಳೋನು ನಾನೇ ಅಜ್ಜಿ," ಅವನು ನಕ್ಕ. "ಹೊಟ್ಟೆಪಾಡಿನ ಸುಳ್ಳನ್ನ ನಾನೇ ನಂಬ್ಲಾ?"

"ಹೇಳೋ ಬಾಯಿಗೇನು ಗೊತ್ತು ಮಗಾ. ಹೊಸ್ತಿಲಿಗೆ ಗೊತ್ತು."

ಅಮ್ಮ ಹಿಂದಿದ್ದ ಪ್ರವಾಸಿಗರಿಗೆ ಹೇಳಿದಳು: "ಮನೇಲಿ ಏನು ಕೇಳಿದ್ರೂ ಹ್ಞೂಂ ಅನ್ನೋನು. ಇಲ್ನೋಡಿ, ಅರಳು ಹುರಿದಂಗೆ ಮಾತಾಡ್ತಾನೆ." ಹನ್ನೆರಡು ಜನ ನಕ್ಕರು.

ರೂಢಿಯಂತೆ ಜನರತ್ತ ಮುಖ ಮಾಡಿ, ಹಿಮ್ಮುಖವಾಗಿ ನಡೆಯುತ್ತ ಅವನು ಕಮಾನಿನೊಳಗೆ ಹೋದ. ಬಿಸಿಲು ಕತ್ತರಿಸಿದಂತೆ ನಿಂತಿತು. ತುಕ್ಕಿನ ವಾಸನೆ. ಕೊಳೆತ ಹಗ್ಗದ ವಾಸನೆ.

"ಮುತ್ತಿಗೆಯ ದಿನ ಮೀನಿಗೆ ಹೋದವರು ವಾಪಸು ಬಂದು ಈ ಬಾಗಿಲು ಬಡಿದರು. ಕೋಟೆಯ ದೊಡ್ಡವರು ತೆಗೆಯಲಿಲ್ಲ. ಅವರ ಮಕ್ಕಳು ಒಳಗೆ ಬೆಚ್ಚಗಿದ್ದರಲ್ಲ, ಇವರು ಸತ್ತರೆ ಅವರಪ್ಪನ ಗಂಟೇನು ಹೋಗಬೇಕು? ಒಳಗಿದ್ದ ಒಬ್ಬ ತಾಯಿ, ಹೊರಗೆ ಕಡಲ ನೀರು ಏರಿ ಮಗನ ಕೂಗು ನಿಲ್ಲುವ ತನಕ ಕೇಳಿದಳು. ಆಮೇಲೆ ತನ್ನ ಕೂದಲಿಗೆ ಏಳು ಗಂಟು ಹಾಕಿ ಇಲ್ಲೇ ಹೂತಳು. ಈ ಬಾಗಿಲಲ್ಲಿ ಮಗನ ಜೊತೆ ಒಳಗೆ ಬರುವ ತಾಯಿಗೆ ನನ್ನ ಗತಿಯೇ ಬರಲಿ ಅಂದಳು."

ಅಮ್ಮನ ಕಾಲು ಹೊಸ್ತಿಲ ಮೇಲಿತ್ತು.

ಕೊಡೆ ಬಿತ್ತು. ಕೂದಲು ಸುಟ್ಟ ನಾತ ಗಂಟಲಿಗೆ ಅಡರಿತು. ದಡ್. ದಡ್. ಬಾಗಿಲು ತೆರೆದೇ ಇತ್ತು. ಆದರೂ ಬಡಿತ. ಅಮ್ಮನೇ ಗೋಡೆ ಬಡಿಯುತ್ತಿದ್ದಳು. ಬರಿಗೈಯಲ್ಲಿ. ರಕ್ತ.

"ಬಾಗ್ಲು ತೆಗೀರಿ. ನನ್ನ ಮಗ ಹೊರಗಿದಾನೆ."

"ಅಮ್ಮ, ನಾನಿಲ್ಲೇ ಇದೀನಿ." ಅವನು ಅವಳ ಭುಜ ಹಿಡಿದ.

ಅವಳು ನೋಡಿದಳು. ಅವನ ಮೇಲೆ ನಿಂತ ಆ ಕಣ್ಣುಗಳಲ್ಲಿ ಅವನಿರಲಿಲ್ಲ.

"ಯಾರಪ್ಪ ನೀನು? ಬಿಡು. ನೀರು ಏರ್ತಿದೆ."

ಕೊಸರಿಕೊಂಡು ಓಡಿದಳು, ನಾಲ್ಕು ಮೆಟ್ಟಿಲಿಗೆ ಅಳುತ್ತಿದ್ದ ಮೊಣಕಾಲಲ್ಲಿ. ಕಡಲ ಕಡೆಗೆ.

ಜನ ಅವಳನ್ನು ನೀರಂಚಲ್ಲಿ ಹಿಡಿದುಕೊಂಡರು. ಆ ಏಳು ಗಂಟಿನ ಕೂದಲಿಗಾಗಿ ಹೊಸ್ತಿಲ ಪಕ್ಕದ ನೆಲವನ್ನು ಅವನು ಉಗುರು ಕಿತ್ತುಬರುವವರೆಗೂ ತೋಡಿದ. ಕಲ್ಲು. ಅದರ ಕೆಳಗೂ ಕಲ್ಲು.

"ಸಿಗಲ್ಲ," ಮುದುಕಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. "ನಮ್ಮಮ್ಮನಿಗೋಸ್ಕರ ನಮ್ಮಣ್ಣನೂ ಅಗೆದಿದ್ದ. ಅದಕ್ಕೇ ನಾನಿಲ್ಲಿ ಪೊರಕೆ ಹಿಡ್ಕೊಂಡು ನಿಂತಿರೋದು."

ಮನೆಗೆ ಕರೆದೊಯ್ದು ಮಲಗಿಸಿದರೂ ಬೆಳಗಾದರೆ ಅಮ್ಮ ಕಡಲಬಾಗಿಲ ಹೊರಗಿನ ಕಲ್ಲಿನ ಮೇಲೆ. ಅವನೀಗ ಮೆಟ್ಟಿಲ ದಾರಿಯಲ್ಲೇ ಜನರನ್ನು ಕರೆತರುತ್ತಾನೆ. ಅವರನ್ನು ಕಳಿಸಿ, ಬುತ್ತಿ ಬಿಚ್ಚಿ, ನೀಲಿ ಕೊಡೆಯನ್ನು ಅವಳ ತಲೆಗೆ ಹಿಡಿದು ನಿಲ್ಲುತ್ತಾನೆ. ಅವಳು ಅರ್ಧ ಉಣ್ಣುತ್ತಾಳೆ. ಅರ್ಧವನ್ನು ಮಗನಿಗೆಂದು ಮುಚ್ಚಿಡುತ್ತಾಳೆ.

ಆಮೇಲೆ ಅವನ ಕೆನ್ನೆ ಸವರುತ್ತಾಳೆ.

"ನಿಮ್ಮಮ್ಮ ಪುಣ್ಯವಂತೆ ಕಣಪ್ಪ. ಮಗ ದಡದಲ್ಲೇ ಇದಾನೆ."