ಹಾವುಗೂದಲಿನ ನಾಣ್ಯ

"ಆ ಮೊಳೆ ಕೀಳಬೇಡ ಮಗಾ. ಯಾರೋ ಮಾಟ ಮಾಡಿ ಹೂತಿದ್ದಾರೆ. ಇದ್ದ ಹಾಗೇ ಮಣ್ಣು ಮುಚ್ಚಿಬಿಡು."

ದ್ರಾಕ್ಷಿತೋಟದ ಬೇಲಿಯಾಚೆ ನಿಂತ ನೆರೆಮನೆಯ ವೆಲಿಕಾ ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ಲ್ಯುಬೆನ್ ನಕ್ಕ. ರಾಜಧಾನಿ ಸೋಫಿಯಾದಲ್ಲಿ ಹುಟ್ಟಿ ಬೆಳೆದವನು. ಹೆಂಡತಿ ದೆಸಾಳ ತವರಾದ ಈ ಡ್ಯಾನ್ಯೂಬ್ ದಂಡೆಯ ಹಳ್ಳಿಗೆ ಬಂದು ಇನ್ನೂ ಒಂದು ಸುಗ್ಗಿ ಕಂಡಿರಲಿಲ್ಲ. ಹೊಸ ಬಳ್ಳಿಗೆಂದು ತೋಡಿದ ಗುಂಡಿಯಲ್ಲಿ ಸೀಸದ ತಗಡೊಂದು ಸಿಕ್ಕಿತ್ತು. ಅದರ ಮೇಲೆ, ಕಬ್ಬಿಣದ ಮೊಳೆ ಜಡಿಸಿಕೊಂಡು ಬೋರಲು ಬಿದ್ದಿತ್ತು ರೋಮನ್ನರ ಕಾಲದ ಬೆಳ್ಳಿನಾಣ್ಯ.

ಮೊಳೆ ಕಿತ್ತ. ಒಂದು ಬದಿಯಲ್ಲಿ ರೆಕ್ಕೆಯ ಉಷಾದೇವಿ ನಾಲ್ಕು ಕುದುರೆಗಳನ್ನು ನಡೆಸುತ್ತಿದ್ದಳು. ತಗಡಿಗೆ ಒತ್ತಿಕೊಂಡಿದ್ದ ಬದಿಯಲ್ಲಿ ಮೆಡುಸಾ: ಕೂದಲ ಬದಲು ಹಾವುಗಳು, ಕಂಡವರನ್ನು ಕಲ್ಲಾಗಿಸುವ ಕಣ್ಣು.

"ತಲೆ ಬಾಚದ ಹೆಂಗಸಿಗೆಲ್ಲ ಹೆದರೋನಾಗಿದ್ರೆ ಅಜ್ಜೀ, ನಾನು ಮದುವೆನೇ ಆಗ್ತಿರಲಿಲ್ಲ!"

ಅಜ್ಜಿ ನಗಲಿಲ್ಲ.

ಮೊಳೆಯ ತೂತು ಸರಕ್ಕೆ ಹೇಳಿ ಮಾಡಿಸಿದಂತಿತ್ತು. ತೊಳೆದು, ಪೋಣಿಸಿ, ಆ ಮಧ್ಯಾಹ್ನವೇ ದೆಸಾಳ ಕೊರಳಿಗೆ ಹಾಕಿದ. ಅವಳು ಒಲೆಯ ಮೇಲೆ ದೊಣ್ಣೆಮೆಣಸಿನಕಾಯಿ ಸುಡುತ್ತಿದ್ದಳು.

"ಅಯ್ಯೋ, ಮಂಜುಗಡ್ಡೆ ಥರ ಇದೆಯಲ್ಲೋ!"

ಅವಳ ಕೈಯಿಂದ ಇಕ್ಕಳ ಜಾರಿತು. ಬೆರಳು ಮಡಚಲಿಲ್ಲ. ಮೆಣಸಿನಕಾಯಿ ಕರಕಾಗಿ ಅಡುಗೆಮನೆ ಹೊಗೆಯಿಂದ ಕತ್ತಲಾಯಿತು. ಆ ಘಾಟಿನೊಳಗೆ ಪಾಚಿಗಟ್ಟಿದ ಬಾವಿಯ ವಾಸನೆ. ಎಲ್ಲಿಂದಲೋ ಸರಸರ ಹರಿಯುವ ಸದ್ದು. ದೆಸಾ ಕುರ್ಚಿಗೆ ಕುಸಿದಳು. ಕಾಲು ತಣ್ಣಗೆ. ಸೊಂಟ ತಣ್ಣಗೆ. ತುಟಿ ಅರ್ಧ ತೆರೆದು ನಿಂತಿತು. ಕಣ್ಣು ಮಾತ್ರ ಅವನನ್ನೇ ಬೇಡುತ್ತಿತ್ತು.

ಸರ ಕಳಚಿ ಎಸೆದ. ಏನೂ ಆಗಲಿಲ್ಲ. ಓಡಿಹೋಗಿ ಅಜ್ಜಿಯನ್ನು ಎಳೆತಂದ.

"ಮೊಳೆ ಮತ್ತೆ ಹೊಡೀಲಾ ಅಜ್ಜಿ?"

"ಎಚ್ಚರಾದ್ಮೇಲೆ ಅದು ಮೊಳೆಗೆ ಬಗ್ಗಲ್ಲ. ಇನ್ನೊಂದು ಕೊರಳು ಸಿಕ್ರೆ ಮಾತ್ರ ಇವಳನ್ನ ಬಿಡುತ್ತೆ."

ಹಾಗೆಂದವಳೇ ತನ್ನ ಕೊರಳನ್ನು ಶಾಲಿನಲ್ಲಿ ಮುಚ್ಚಿಕೊಂಡು ಬಾಗಿಲಾಚೆ ಸರಿದಳು.

ದೆಸಾಳ ಉಸಿರು ನೂಲಿನಷ್ಟಾಗಿತ್ತು. ಲ್ಯುಬೆನ್ ನೆಲದಿಂದ ಸರ ಹೆಕ್ಕಿ ತಾನೇ ಹಾಕಿಕೊಂಡ.

ಚಳಿ. ಬೆರಳಿಗೆ. ಮೊಣಕಾಲಿಗೆ. ಗೋಡೆಗೆ ಒರಗಿದ. ಬೆನ್ನು ಯಾವುದು, ಗೋಡೆ ಯಾವುದು, ತಿಳಿಯಲಿಲ್ಲ. ಎದುರಿಗೆ ದೆಸಾ ಕೆಮ್ಮಿದಳು. ಕೆನ್ನೆಗೆ ಬಣ್ಣ ಬಂತು. ಎದ್ದು ನಿಂತಳು. ಬದುಕಿದಳು! ಅವನಿಗೆ ನಗಬೇಕೆನಿಸಿತು. ಮುಖ ಒಪ್ಪಲಿಲ್ಲ.

ಕುರ್ಚಿಯಲ್ಲಿ ಕಲ್ಲಾಗಿದ್ದಾಗಲೂ ಅವಳ ಕಿವಿಗೆ ಎಲ್ಲ ಬಿದ್ದಿತ್ತು. ಅಜ್ಜಿಯ ಮಾತೂ.

"ನನ್ನೊಬ್ಬಳನ್ನೇ ಬಿಟ್ಟು ಹೋಗೋಕೆ ನಿಂಗೆ ಹೇಗೋ ಮನಸ್ಸು ಬಂತು, ಹುಚ್ಚಾ?" ಅಳುತ್ತ ಹತ್ತಿರ ಬಂದಳು.

ಬೇಡ ಎನ್ನಬೇಕಿತ್ತು. ನಾಲಗೆ ಹೊರಳಲಿಲ್ಲ. ಕೈ ಅಡ್ಡ ಹಿಡಿಯಬೇಕಿತ್ತು. ಕೈ ಏಳಲಿಲ್ಲ. ರೆಪ್ಪೆ ಮುಚ್ಚಲೂ ಬಾರದ ಅವನ ಕಣ್ಣೆದುರಿಗೇ ದೆಸಾ ಸರವನ್ನು ಅವನ ಕೊರಳಿನಿಂದ ಮೆಲ್ಲಗೆ ಎತ್ತಿ, ಅದಕ್ಕೆ ತನ್ನ ತಲೆ ಬಗ್ಗಿಸಿದಳು.